ಮಡಿಲು ತುಂಬದೆ ಹೊರಡುವಂತಿಲ್ಲ

ಊರಿಗೆ ಬಂದವರನ್ನು ನಮ್ಮ ಕಡೆ ಮೊದಲು ಕೇಳುವುದು ಯಾವಾಗ ಬಂದೆ ಎಂದು. ಅದಕ್ಕೆ ಉತ್ತರ ಬಾಯಿಂದ ಪೂರ್ತಿ ಹೊರಡುವ ಮೊದಲೇ ಎರಡನೆಯ ಪ್ರಶ್ನೆ ಬಂದುಬಿಡುತ್ತದೆ: ಮತ್ತೆ ಹೊರಡೋದು ಯಾವಾಗ? ಈ ಸಲದ ಎರಡೂವರೆ ತಿಂಗಳ ರಜೆಯಲ್ಲಿ ಹಾಲಿನವನಿಂದ ಹಿಡಿದು ಹಲ್ಲಿನ ಡಾಕ್ಟರ ತನಕ ಎಲ್ಲರೂ ನನ್ನನ್ನು ಇದನ್ನೇ ಕೇಳಿದರು. ಕೇಳುವುದರಲ್ಲಿ ಕೆಟ್ಟದ್ದೇನೂ ಇಲ್ಲ, ಮಾತಿಗೊಂದು ಮಾತು ಅಷ್ಟೆ. ಆದರೆ ವಾಪಸ್ಸು ಹೋಗುವುದೇ ಬೇಡ ಎಂದು ಒಳಗೊಳಗೇ ತೀರ್ಮಾನ ಮಾಡಿಕೊಂಡವಳನ್ನು ದಿನಕ್ಕೆ ನಾಲ್ಕು ಸಲ ಹೀಗೆ ಕೇಳಿದರೆ ಮೈ ಉರಿಯುತ್ತದೆ. ನನಗಂತೂ ಉರಿಯಿತು.

ನಾನಿರುವುದು ನ್ಯೂಜಿಲೆಂಡಿನ ದಕ್ಷಿಣದ ಕಡೆಯ ಒಂದು ಸಣ್ಣ ಊರಿನಲ್ಲಿ. ಅಲ್ಲಿ ಮನುಷ್ಯರಿಗಿಂತ ಹಸುಗಳು ಜಾಸ್ತಿ. ನಮ್ಮ ಯಜಮಾನರು ಹಾಲು ಕರೆಯುವ ಮೆಷಿನ್ನುಗಳನ್ನು ರಿಪೇರಿ ಮಾಡುತ್ತಿದ್ದರು. ನಾನು ವಯಸ್ಸಾದವರ ಆಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ, ಹಲ್ಲಿಲ್ಲದವರಿಗೆ ತರಕಾರಿ ಬೇಯಿಸಿ ಮಿಕ್ಸಿಗೆ ಹಾಕಿ ಕೊಡುವ ಕೆಲಸ. ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಯಜಮಾನರು ತೀರಿಕೊಂಡರು. ಬೆಳಿಗ್ಗೆ ಬೂಟು ಹಾಕಿಕೊಳ್ಳಲು ಬಗ್ಗಿದವರು ಮತ್ತೆ ಏಳಲಿಲ್ಲ. ನಮಗೆ ಮಕ್ಕಳಿಲ್ಲ. ಅಕ್ಕಪಕ್ಕದವರು ಒಳ್ಳೆಯವರೇ, ಕೇಕು ಮಾಡಿ ತಂದುಕೊಟ್ಟರು, ಮೈ ತಬ್ಬಿ ಸಮಾಧಾನ ಹೇಳಿದರು. ಆದರೆ ಇಂಗ್ಲಿಷಿನಲ್ಲಿ ಅಳುವುದು ನನಗೆ ಬರಲಿಲ್ಲ. ಅದೇ ಕಾರಣಕ್ಕೆ, ಅಳುವುದಕ್ಕೆಂದೇ ರಜೆ ಹಾಕಿ ಬಂದೆ ಅಂತಲೂ ಹೇಳಬಹುದು.

ಬಂದವಳು ಮೊದಲು ನಾಗಮಂಗಲದ ಕಡೆಯ ಗಂಡನ ಮನೆಯವರನ್ನೆಲ್ಲ ನೋಡಿದೆ. ಮೈಸೂರಿನಲ್ಲಿ ಕಾಲೇಜಿನ ಗೆಳತಿಯ ಮನೆಯಲ್ಲಿದ್ದೆ. ಅಲ್ಲಿದ್ದಾಗ ಒಂದು ದಿನ ತುಮಕೂರಿನ ಬಟವಾಡಿಯಲ್ಲಿರುವ ಅಣ್ಣ ಫೋನಿನಲ್ಲಿ ಅದೂ ಇದೂ ಮಾತಾಡುತ್ತಾ, ಮೇಲಿನ ಮನೆಯ ಬಾಡಿಗೆಯವರು ಖಾಲಿ ಮಾಡಿಕೊಂಡು ಹೋದರು, ಬೋರ್ಡು ಹಾಕಿದ್ದೇನೆ ಎಂದ. ಅವನು ಆಮೇಲೆ ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಅಣ್ಣನ ಮನೆಯ ಮೇಲೆ ಒಂದು ರೂಮು, ಒಂದು ಅಡುಗೆಮನೆ, ಮುಂದೆ ಅರ್ಧ ಬಯಲಾದ ಟೆರೇಸು. ಅಲ್ಲಿ ನಾನಿದ್ದರೆ? ಬಾಡಿಗೆ ಕೊಟ್ಟುಕೊಂಡೇ ಇರುತ್ತೇನೆ, ಯಾರಿಗೂ ಭಾರವಾಗುವುದಿಲ್ಲ. ಬೆಳಿಗ್ಗೆ ಎದ್ದು ಕೆಳಗೆ ಇಳಿದರೆ ಕನ್ನಡದಲ್ಲಿ ಬೈಯುವುದಕ್ಕೆ ಒಬ್ಬ ಅಣ್ಣನಾದರೂ ಇರುತ್ತಾನೆ. ಆ ದಿನದಿಂದ ಕಂಡ ಪಾತ್ರೆ ಅಂಗಡಿಯ ಮುಂದೆಲ್ಲ ನಿಂತು ಕುಕ್ಕರು ನೋಡಲು ಶುರುಮಾಡಿದೆ. ಟಿಕೆಟ್ಟಿನ ದಿನ ಹತ್ತಿರ ಬರುತ್ತಿತ್ತು. ಉಳಿದದ್ದು ಮೂರೇ ಮನೆಗಳು: ಕುಣಿಗಲ್ಲಿನ ಚಿಕ್ಕಮ್ಮ, ಗುಬ್ಬಿಯ ಅಕ್ಕ, ಕೊನೆಗೆ ಅಣ್ಣ. ಅಣ್ಣನ ಮನೆ ತಲುಪುವ ಹೊತ್ತಿಗೆ ಕೇಳುವ ಧೈರ್ಯ ಕೂಡಿಸಿಕೊಳ್ಳಬೇಕಿತ್ತು.

ಇಲ್ಲಿ ಮಡಿಲಕ್ಕಿಯ ವಿಷಯ ಹೇಳಬೇಕು. ಮದುವೆಯಾದ ಮಗಳು ತವರಿನಿಂದ ಗಂಡನ ಮನೆಗೆ ಹೊರಟಾಗ ನಮ್ಮಲ್ಲಿ ಅವಳನ್ನು ದೇವರ ಮುಂದೆ ಕೂರಿಸಿ ಸೆರಗಿಗೆ ಅಕ್ಕಿ, ಕಾಯಿ, ಬೆಲ್ಲ, ಅರಿಶಿನದ ಕೊಂಬು, ರವಿಕೆ ಕಣ ಹಾಕುತ್ತಾರೆ. ಅದೇ ಮಡಿಲು ತುಂಬುವುದು. ಅದಾಗದೆ ಮಗಳು ಹೊಸಿಲು ದಾಟುವಂತಿಲ್ಲ. ನನ್ನ ಮದುವೆಯಾದ ಹೊಸತು, ಆಗ ತವರಿನವರು ಮರಳೂರಿನಲ್ಲಿ ಬಾಡಿಗೆಗಿದ್ದರು. ಬಸ್ಸು ಬಂತೆಂದು ನಾನು ಯಜಮಾನರ ಹಿಂದೆ ಓಡಿ ಹತ್ತಿಬಿಟ್ಟಿದ್ದೆ. ಅಮ್ಮ ಮೊರ ಹಿಡಿದುಕೊಂಡೇ ಓಡಿ ಬಂದು ಬಸ್ಸಿನ ಮುಂದೆ ನಿಂತರು. ಮಡ್ಲು ತುಂಬಿಲ್ಲ, ಇಳಿಸಿ ನನ್ನ ಮಗಳನ್ನ ಎಂದರು. ಡ್ರೈವರು ಎಂಜಿನ್ನು ಆಫ್ ಮಾಡಿದ. ನಾನು ನಾಚಿಕೆಯಿಂದ ಸಾಯುತ್ತಾ ಇಳಿದು ಮನೆಗೆ ಹೋಗಿ ಕೂತು, ಮಡಿಲು ತುಂಬಿಸಿಕೊಂಡು ಬಂದೆ. ಅಷ್ಟು ಹೊತ್ತೂ ಬಸ್ಸು ನಿಂತಿತ್ತು, ಒಳಗಿದ್ದವರು ಒಬ್ಬರೂ ಗೊಣಗಲಿಲ್ಲ. ಆ ಮೇಲೆ ಎಷ್ಟೋ ಸಲ ಬಂದು ಹೋದೆ, ಪ್ರತಿ ಸಲವೂ ಚಿಕ್ಕಮ್ಮ, ಅಕ್ಕ, ಅಣ್ಣ ಮೂವರ ಮನೆಯಲ್ಲೂ ತುಂಬುತ್ತಿದ್ದರು. ಮಡಿಲು ತುಂಬಲಿ ತಾಯಿ ಎಂದು ಹರಸುತ್ತಿದ್ದರು. ತುಂಬಿದ್ದು ಅಕ್ಕಿ ಮಾತ್ರ.

ಗಂಡ ಇಲ್ಲದವಳಿಗೆ ಮಡಿಲು ತುಂಬುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗೊತ್ತಿರುವುದು ಬೇರೆ, ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಾಗ ಎಲ್ಲರೂ ನೆಲ ನೋಡುವುದು ಬೇರೆ.

ಕುಣಿಗಲ್ಲಿಗೆ ಹೋದಾಗ ಅವರೆಕಾಯಿಯ ಕಾಲ. ಚಿಕ್ಕಮ್ಮ ಮನೆ ಮುಂದೆ ಬಿಸಿಲಿಗೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಅವರು ಅಮ್ಮನ ತಂಗಿ, ಎಷ್ಟೋ ವರ್ಷಗಳ ಹಿಂದೆಯೇ ಗಂಡನನ್ನು ಕಳೆದುಕೊಂಡವರು. ಮಗ ಸೊಸೆಯ ಜೊತೆ ಇದ್ದಾರೆ, ಅವರ ಮಂಚ ಇರುವುದು ಮುಂದಿನ ಹಾಲಿನಲ್ಲಿ, ಟಿವಿಯ ಎದುರಿಗೆ. ಮನೆಯವರೆಲ್ಲ ಟಿವಿ ಆರಿಸಿದ ಮೇಲೇ ಅವರಿಗೆ ನಿದ್ದೆ. ಅವರು ಅದನ್ನು ದೂರಿನ ಹಾಗೆ ಹೇಳಲಿಲ್ಲ, ಹವಾಮಾನದ ಸುದ್ದಿಯ ಹಾಗೆ ಹೇಳಿದರು. ನಮ್ಮಿಬ್ಬರ ಬೆರಳೂ ಅವರೆಯ ಸೊಗಡಿನಿಂದ ಅಂಟಂಟಾಗಿದ್ದವು. ಮನಸ್ಸಿನಲ್ಲಿದ್ದದ್ದನ್ನು ಮೊದಲು ಅವರಿಗೇ ಹೇಳಿದೆ. ಮೇಲಿನ ಮನೆ, ಟೆರೇಸು, ಬಾಡಿಗೆ, ಎಲ್ಲ.

ಚಿಕ್ಕಮ್ಮ ಕೈ ನಿಲ್ಲಿಸಲಿಲ್ಲ. ಕಾಳು ಹಿತುಕಿ ಬೇಳೆಯನ್ನು ಒಂದು ಕಡೆಗೆ, ಸಿಪ್ಪೆಯನ್ನು ಇನ್ನೊಂದು ಕಡೆಗೆ ಹಾಕುತ್ತಲೇ ಇದ್ದರು. ಆಮೇಲೆ, ಅತ್ತಿಗೇನ ಕೇಳಿದ್ಯಾ ಎಂದರು. ಮನೆ ಅಣ್ಣನದ್ದಲ್ಲವಾ ಎಂದೆ. ಅವರು ನಕ್ಕರು. ಮನೆ ಗಂಡಸಿನ ಹೆಸರಲ್ಲಿರುತ್ತೆ, ಆದರೆ ಬಾಗಿಲು ತೆಗೆಯುವುದು ಹೆಂಗಸು ಎನ್ನುವ ಅರ್ಥದ ಮಾತೇನೋ ಹೇಳಿದರು. ನನಗೆ ಅದು ಇಷ್ಟವಾಗಲಿಲ್ಲ. ಸ್ವಂತ ಅಣ್ಣನ ಮನೆಗೆ ಬರುವುದಕ್ಕೆ ಅರ್ಜಿ ಹಾಕಬೇಕಾ ಎಂದು ಕೇಳಿದೆ. ನನ್ನ ಕೋಪ ಅವರಿಗೆ ಚಿಕ್ಕಂದಿನಿಂದ ಗೊತ್ತು, ಇನ್ನೊಂದು ಹಿಡಿ ಕಾಳು ನನ್ನ ಮುಂದೆ ಸುರಿದರು.

ಎರಡು ದಿನ ಇದ್ದೆ. ಹಿತುಕಿದ ಬೇಳೆ ಸಾರು, ಮುದ್ದೆ, ಸಂಜೆ ಕೆರೆ ಏರಿಯ ಮೇಲೆ ಸ್ವಲ್ಪ ನಡಿಗೆ. ಹೊರಡುವಾಗ ಸೊಸೆ ಒಳಗೇ ಉಳಿದಳು. ಹಿಂದೆಲ್ಲ ಚಿಕ್ಕಮ್ಮ ತಾವು ತುಂಬುವಂತಿಲ್ಲವೆಂದು ಅವಳ ಕೈಯಲ್ಲೇ ನನಗೆ ಮಡಿಲು ತುಂಬಿಸುತ್ತಿದ್ದರು. ಈ ಸಲ ಚಿಕ್ಕಮ್ಮ ತಾವೇ ಒಂದು ಬಟ್ಟೆ ಚೀಲ ತಂದು ನನ್ನ ಕೈಗೆ ಕೊಟ್ಟರು. ಮಡಿಲಿಗಲ್ಲ, ಕೈಗೆ. ಅದರಲ್ಲಿ ಅಕ್ಕಿ, ಒಂದಿಷ್ಟು ಹಿತುಕಿದ ಬೇಳೆ.

"ಇದು ಮಡ್ಲಕ್ಕಿ ಅಲ್ಲ ಕಣವ್ವಾ," ಎಂದರು. "ಸುಮ್ನೆ ಅಕ್ಕಿ. ನಮ್ಮಂಥೋರಿಗೆ ಅಷ್ಟೇಯ, ಬುಡು."

ನಮ್ಮಂಥೋರು ಎಂದದ್ದು ನನ್ನ ಎದೆಗೆ ನಾಟಿತು. ಅಲ್ಲಿಯ ತನಕ ನಾನು ನನ್ನನ್ನು ಆ ಗುಂಪಿಗೆ ಸೇರಿಸಿಕೊಂಡಿರಲಿಲ್ಲ. ಬಸ್ಸು ಗೂಳೂರು ದಾಟಿ ತುಮಕೂರಿನ ಸ್ಟ್ಯಾಂಡಿಗೆ ಬರುವವರೆಗೂ ಆ ಚೀಲವನ್ನು ಕಾಲ ಬುಡದಲ್ಲೇ ಇಟ್ಟುಕೊಂಡಿದ್ದೆ, ತೊಡೆಯ ಮೇಲೆ ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸು ನನ್ನ ಸೂಟ್‌ಕೇಸಿಗೆ ವಿಮಾನದವರು ಅಂಟಿಸಿದ್ದ ಚೀಟಿ ನೋಡಿ ಫಾರಿನ್ನಾ ಎಂದು ಕೇಳಿದಳು. ಹೌದು ಎಂದೆ. ಯಾವಾಗ ವಾಪಸ್ಸು ಎಂದಳು. ಕಿಟಕಿಯ ಕಡೆ ತಿರುಗಿಕೊಂಡೆ.

ಗುಬ್ಬಿಯ ಅಕ್ಕನ ಮನೆಯಲ್ಲಿ ಬಾಯಿಗೆ ಬಿಡುವಿಲ್ಲ. ಭಾವನದು ಕೊಬ್ಬರಿ ವ್ಯಾಪಾರ. ಮನೆಯ ಹಿಂದಿನ ಅಟ್ಟದಲ್ಲಿ ಕಾಯಿ ಒಣಗುತ್ತಿರುತ್ತವೆ, ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಎಂದು ಅಕ್ಕ ಹೇಳುತ್ತಾಳೆ. ಮನುಷ್ಯರನ್ನೂ ಹಾಗೇ ಅಲ್ಲಾಡಿಸಿ ನೋಡುವವಳು ಅವಳು. ನಾನು ಕಾಲು ತೊಳೆದು ಒಳಗೆ ಬಂದು ಕೂತಿದ್ದೇ ತಡ, ಏನೋ ಬಚ್ಚಿಟ್ಟುಕೊಂಡಿದ್ದೀಯ, ಏನು ಎಂದು ಕೇಳಿದಳು. ಊಟ ಆಗಲಿ ಎಂದೆ. ಊಟಕ್ಕೆ ಹೋಳಿಗೆ ಮಾಡಿದ್ದಳು. ನಾಗಮಂಗಲದಲ್ಲೂ ಹೋಳಿಗೆ, ಮೈಸೂರಿನಲ್ಲೂ ಹೋಳಿಗೆ, ಹೋದ ಕಡೆಯಲ್ಲೆಲ್ಲ ಹೋಳಿಗೆ ತಿಂದು ನನಗೆ ಸಾಕಾಗಿತ್ತು. ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೂ ಅಕ್ಕ ಕೈಯ ಮೇಲೇ ಬಡಿಸಿದಳು.

ಊಟವಾದ ಮೇಲೆ ಹೇಳಿದೆ. ಚಿಕ್ಕಮ್ಮನ ಹಾಗೆ ಅಕ್ಕ ಸುಮ್ಮನಿರಲಿಲ್ಲ.

"ನೀನು ಬಂದು ಹೋಗೋಳು ಕಣೇ," ಎಂದಳು. "ಅದ್ಕೇ ನಿಂಗೆ ಹೋಳಿಗೆ. ಇಲ್ಲೇ ಕೂತ್ಕೊಂಡ್ರೆ ಮೂರು ತಿಂಗಳಿಗೆ ಮುದ್ದೆ ತಟ್ಟೇನ ಕುಕ್ಕಿ ಇಡ್ತಾರೆ. ನಾನೂ ಅಷ್ಟೇಯ, ಸುಳ್ಳು ಹೇಳಲ್ಲ."

ನನಗೆ ಮುದ್ದೆಯೇ ಬೇಕಾದದ್ದು ಎಂದೆ. ತಟ್ಟೆ ಕುಕ್ಕಿದರೂ ಪರವಾಗಿಲ್ಲ, ನಾನೂ ವಾಪಸ್ಸು ಕುಕ್ಕುತ್ತೇನೆ, ಅಷ್ಟು ಸಲಿಗೆ ಬೇಕಾಗಿಯೇ ಅಲ್ಲವಾ ಬರುತ್ತಿರುವುದು ಎಂದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಅಕ್ಕ ನನ್ನನ್ನು ಅಳಲು ಬಿಟ್ಟಳು. ಅದೊಂದು ಅವಳಿಗೆ ಚೆನ್ನಾಗಿ ಗೊತ್ತು. ನಾನು ಮೂಗು ಒರೆಸಿಕೊಂಡ ಮೇಲೆ ಮೆಲ್ಲಗೆ ಶುರುಮಾಡಿದಳು. ಅಮ್ಮ ಕೊನೆಯ ವರ್ಷಗಳಲ್ಲಿ ಹಾಸಿಗೆ ಹಿಡಿದಾಗ ಎತ್ತಿ ಇಳಿಸಿದ್ದು ಅತ್ತಿಗೆ. ನಾನು ದೂರದಲ್ಲಿದ್ದೆ, ಅಕ್ಕನಿಗೆ ಅಂಗಡಿ, ಮಕ್ಕಳು. ಅಮ್ಮ ಹೋದ ಮೇಲೆ ಅತ್ತಿಗೆಯ ಸೊಂಟ ಹೋಯಿತು. ಈಗ ಅಣ್ಣನಿಗೆ ಬಿಪಿ, ಸಕ್ಕರೆ, ಎರಡೂ. ಇವತ್ತು ನೀನು ಮೇಲಿನ ಮನೆಗೆ ಬರುತ್ತೀಯ, ಗಟ್ಟಿಯಾಗಿದ್ದೀಯ, ಸರಿ. ನಾಳೆ ನೀನು ಬಿದ್ದರೆ ಎತ್ತುವವರು ಯಾರು? ಆ ಲೆಕ್ಕ ಅತ್ತಿಗೆ ಹಾಕದೇ ಇರುತ್ತಾರಾ?

ನಾನು ಕೆಲಸ ಮಾಡುವ ಆಶ್ರಮದಲ್ಲಿ ಬಿದ್ದವರನ್ನು ಎತ್ತಲು ಮೆಷಿನ್ನು ಇದೆ, ಬೆಲ್ಟು ಕಟ್ಟಿ ಗುಂಡಿ ಒತ್ತಿದರೆ ಮನುಷ್ಯ ಮೇಲಕ್ಕೆ ಬರುತ್ತಾನೆ. ಅದನ್ನು ನೋಡಿಯೇ ನಾನು ಇಲ್ಲಿಗೆ ಓಡಿ ಬರಬೇಕೆಂದುಕೊಂಡದ್ದು. ಹೇಗೆ ವಿವರಿಸುವುದು.

"ಕೇಳ್ಬೇಡ," ಎಂದಳು ಅಕ್ಕ. "ಕೇಳಿ ಅವರು ಇಲ್ಲ ಅಂದ್ರೆ, ಆಮೇಲೆ ಬಂದು ಹೋಗಕ್ಕೂ ಮುಖ ಇರಲ್ಲ. ನಿಂಗೂ, ಅವ್ರಿಗೂ. ಇರೋದನ್ನೂ ಕಳ್ಕೋಬೇಡ."

ಗುಬ್ಬಿಯಿಂದ ಹೊರಟ ದಿನ ಪಕ್ಕದ ಮನೆಯ ಹೆಂಗಸೂ ಬಂದು ಕೂತಿದ್ದಳು. ಅಕ್ಕ ಕುಂಕುಮದ ತಟ್ಟೆ ತಂದಳು. ಅಭ್ಯಾಸಬಲ, ಮೊದಲು ನನ್ನ ಕಡೆಗೇ ಬಂದಳು. ಎರಡು ಹೆಜ್ಜೆ ಇದೆ ಅನ್ನುವಾಗ ನೆನಪಾಗಿರಬೇಕು. ತಟ್ಟೆ ಹಾಗೇ ಪಕ್ಕದ ಮನೆಯವಳ ಕಡೆ ತಿರುಗಿತು. ಅವಳು ಕುಂಕುಮ ಇಟ್ಟುಕೊಂಡು ನನ್ನನ್ನು ನೋಡದೆ ಸೀರೆಯ ನೆರಿಗೆ ಸರಿಮಾಡಿಕೊಂಡಳು. ಅಕ್ಕ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು, ಕೈಯಲ್ಲಿ ಸೀರೆ ಇತ್ತು. ತೆಳು ಬಣ್ಣದ ಒಳ್ಳೆಯ ಸೀರೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದೂ ಆಗಲಿಲ್ಲ.

ಬಟವಾಡಿಯ ಮನೆಯ ಗೇಟಿಗೆ ಬೋರ್ಡು ಇನ್ನೂ ನೇತಾಡುತ್ತಿತ್ತು. ಮನೆ ಬಾಡಿಗೆಗೆ ಇದೆ, ಕೆಳಗೆ ಅಣ್ಣನ ಕೈಬರಹದಲ್ಲಿ ಫ್ಯಾಮಿಲಿಯವರಿಗೆ ಮಾತ್ರ. ಆಟೋದಿಂದ ಸೂಟ್‌ಕೇಸು ಇಳಿಸಿಕೊಳ್ಳುತ್ತಾ ಅದನ್ನು ಎರಡು ಸಲ ಓದಿದೆ. ಒಬ್ಬಳೇ ಹೆಂಗಸು ಫ್ಯಾಮಿಲಿಯೋ ಅಲ್ಲವೋ ಎಂದು ಯಾರನ್ನು ಕೇಳಬೇಕೋ ಗೊತ್ತಾಗಲಿಲ್ಲ. ಅಣ್ಣ ಗೇಟು ತೆಗೆದು, ಬಾರಮ್ಮ ಎಂದು ಕೈಯಿಂದ ಸೂಟ್‌ಕೇಸು ಕಿತ್ತುಕೊಂಡ. ಅತ್ತಿಗೆ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅವರ ಬೆಲ್ಟು ಸೀರೆಯ ಮೇಲೆ ಎದ್ದು ಕಾಣುತ್ತಿತ್ತು.

ಆ ಮನೆಯಲ್ಲಿ ನನ್ನನ್ನು ಅವರು ನೋಡಿಕೊಂಡ ರೀತಿಯಲ್ಲಿ ಒಂದು ಕೊರತೆ ಹುಡುಕಲು ಸಾಧ್ಯವಿಲ್ಲ. ಬೆಳಿಗ್ಗೆ ಒಂದು ದಿನ ತಟ್ಟೆ ಇಡ್ಲಿ, ಒಂದು ದಿನ ಅವರೆಕಾಳಿನ ಉಪ್ಪಿಟ್ಟು. ನನ್ನ ಹಾಸಿಗೆಗೆ ಹೊಸ ಹೊದಿಕೆ. ಅಣ್ಣ ಬ್ಯಾಂಕಿನಿಂದ ನಿವೃತ್ತನಾದವನು, ಈಗ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಭಾನುವಾರಗಳಲ್ಲಿ ಅಲ್ಲಿ ಇಲ್ಲಿ ಭಾಷಣ ಮಾಡುತ್ತಾನೆ. ನಮ್ಮದು ಸೂತಕ ಒಪ್ಪದ ಮತ, ಗಂಡ ಸತ್ತವಳಿಗೂ ಕೊರಳಲ್ಲಿ ಲಿಂಗ ಇರುತ್ತೆ, ಅವಳು ಯಾರಿಗಿಂತ ಕಡಿಮೆ ಎಂದು ಊಟದ ಹೊತ್ತಿನಲ್ಲಿ ನನಗೂ ಒಮ್ಮೆ ಹೇಳಿದ. ತೋರಿಕೆಗೆ ಹೇಳಿದ್ದಲ್ಲ. ಅತ್ತಿಗೆ ಸಾರು ಬಡಿಸುತ್ತಾ ಕೇಳಿಸಿಕೊಂಡರು. ಅವರು ಮತ ಗಿತ ಮಾತಾಡುವವರಲ್ಲ. ಅವರ ಅತ್ತೆ, ಅಂದರೆ ನಮ್ಮ ಅಮ್ಮ, ಹೇಗೆ ಮಾಡುತ್ತಿದ್ದರೋ ಅದೇ ಅವರಿಗೆ ಪದ್ಧತಿ. ಅವರ ಸ್ವಂತ ತಂಗಿಯ ಗಂಡ ಹೋದಾಗಲೂ ಅವರು ತಂಗಿಗೆ ಮಡಿಲು ತುಂಬಿರಲಿಲ್ಲವೆಂದು ನನಗೆ ಗೊತ್ತಿತ್ತು.

ಬಟ್ಟೆ ಒಣಹಾಕುವ ನೆವದಿಂದ ದಿನಾ ಮೇಲೆ ಹೋಗುತ್ತಿದ್ದೆ. ಬೀಗ ಹಾಕಿದ ಮೇಲಿನ ಮನೆಯ ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದೆ. ಗೋಡೆಯಲ್ಲಿ ಹಿಂದಿನವರು ಹೊಡೆದ ಮೊಳೆಗಳು, ಅಡುಗೆಕಟ್ಟೆಯ ಮೇಲೆ ಎಣ್ಣೆಯ ಕಲೆ. ಮಂಚ ಈ ಗೋಡೆಗೆ, ದೇವರು ಆ ಮೂಲೆಗೆ, ಯಜಮಾನರ ಫೋಟೋ ಬಾಗಿಲಿನಿಂದ ಬಂದವರಿಗೆ ಮೊದಲು ಕಾಣದ ಹಾಗೆ ಇಲ್ಲಿ. ಟೆರೇಸಿನಿಂದ ಹೈವೇ ಕಾಣುತ್ತದೆ, ಲಾರಿಗಳ ಸದ್ದು ನಿಲ್ಲುವುದೇ ಇಲ್ಲ. ಅಲ್ಲಿ ನನ್ನ ಮನೆಯಲ್ಲಿ ಸಂಜೆ ಐದಾದರೆ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಲಾರಿ ಸದ್ದಿಗೆ ನಿದ್ದೆ ಬರಲ್ಲ ಎಂದು ಹಳೆಯ ಬಾಡಿಗೆಯವರು ದೂರುತ್ತಿದ್ದರಂತೆ. ನನಗೆ ಅದೇ ಜೋಗುಳ ಆಗುತ್ತಿತ್ತು.

ಒಂದು ಸಂಜೆ ಹಾಗೆ ಕಿಟಕಿಗೆ ಮುಖ ಒತ್ತಿ ನಿಂತಿದ್ದಾಗ ಹಿಂದೆ ಸದ್ದಾಯಿತು. ಅತ್ತಿಗೆ ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಿದ್ದರು. ಗಾಜಿನ ಮೇಲೆ ನನ್ನ ಹಣೆಯ ಗುರುತು ಬಿದ್ದಿತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಒಣಗಿದ ಬಟ್ಟೆಗಳನ್ನು ತೆಗೆದು ಮಡಿಸತೊಡಗಿದರು. ನಾನೂ ಮಡಿಸಿದೆ. ಆಗಲೇ ಕೇಳಬೇಕಿತ್ತೋ ಏನೋ. ಅಕ್ಕನ ಮಾತು ನಾಲಿಗೆ ಹಿಡಿದುಕೊಂಡಿತ್ತು. ಆ ರಾತ್ರಿ ಅಣ್ಣ ನನ್ನ ಲಗೇಜು ತೂಕ ಮಾಡಿ, ಇನ್ನೂ ಜಾಗ ಇದೆ, ಚಟ್ನಿಪುಡಿ ಹಾಕು ಎಂದು ಅತ್ತಿಗೆಗೆ ಹೇಳಿದ. ಬೆಳಿಗ್ಗೆ ಮನೆ ನೋಡಲು ಗಂಡ ಹೆಂಡತಿ ಇಬ್ಬರು ಬಂದರು. ಅತ್ತಿಗೆ ಬೀಗದ ಕೈ ತೆಗೆದುಕೊಂಡು ತಾವೇ ಮೇಲೆ ಹೋಗಿ ತೋರಿಸಿದರು.

ಹೊರಡುವ ದಿನ ಮಧ್ಯಾಹ್ನದ ಊಟವಾದ ಮೇಲೆ ಕಾರು ಬಂತು. ವಿಮಾನಕ್ಕೆ ಅನುಕೂಲವೆಂದು ಚೂಡಿದಾರ ಹಾಕಿಕೊಂಡಿದ್ದೆ. ಅಣ್ಣ ಡಿಕ್ಕಿಯಲ್ಲಿ ಸೂಟ್‌ಕೇಸು ಇಡಿಸಿದ. ದೇವರಿಗೆ ಕೈಮುಗಿದೆ. ಅತ್ತಿಗೆಯ ಕಾಲಿಗೆ ನಮಸ್ಕಾರ ಮಾಡಿದೆ. ಎಲ್ಲ ಆಯಿತು, ಇನ್ನು ಹೊಸಿಲು ದಾಟುವುದೊಂದೇ ಎನ್ನುವಾಗ ಹಾಲಿನಲ್ಲಿ ಆ ಮೌನ ಬಂತು. ಕುಣಿಗಲ್ಲಿನಲ್ಲಿ, ಗುಬ್ಬಿಯಲ್ಲಿ ಬಂದಿದ್ದ ಅದೇ ಮೌನ. ಮಾಡಬೇಕಾದದ್ದೊಂದು ಮಾಡದೆ ಬಿಟ್ಟಿದೆ ಎಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಅಣ್ಣ ನೆಲ ನೋಡಿದ. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

ಆ ಮೌನದಲ್ಲೇ ನನಗೆ ಹೊಳೆಯಿತು. ಮನೆ ಕೊಡಿ ಎಂದು ಕೇಳಬೇಕಾದ್ದಿಲ್ಲ. ಪದ್ಧತಿಯನ್ನೇ ಕೇಳಿದರಾಯಿತು. ಅಕ್ಕ ಹೇಳಿದಂತೆ ಮುಖ ಕೆಡುವುದೂ ಇಲ್ಲ, ತಮಾಷೆ ಎಂದು ನಗಬಹುದು. ಕೈಯಲ್ಲಿದ್ದ ಬ್ಯಾಗನ್ನು ಕೆಳಗಿಟ್ಟೆ.

"ಅತ್ತಿಗೆ, ಮಡ್ಲು ತುಂಬ್ದೆ ಮಗಳನ್ನ ಹೊಸಿಲು ದಾಟಿಸಂಗಿಲ್ಲ ಅಂತ ಅಮ್ಮ ಬಸ್ಸೇ ನಿಲ್ಲಿಸಿದ್ರು," ಎಂದೆ. "ನಂಗೀಗ ತುಂಬಂಗಿಲ್ಲ. ಅಂದ್ಮೇಲೆ ನಾನು ಹೋಗಂಗೂ ಇಲ್ಲ. ಮೇಲಿನ ಮನೇಲಿ ಇದ್ಬಿಡ್ತೀನಿ ಬಿಡಿ."

ನಗುತ್ತಲೇ ಹೇಳಿದೆ. ಅಣ್ಣನೂ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದ. ಅತ್ತಿಗೆ ನಗಲಿಲ್ಲ. ಅವರು ನನ್ನನ್ನು ನೋಡಿದ ನೋಟದಲ್ಲಿ ಕೋಪವಿರಲಿಲ್ಲ. ಬಹಳ ದಣಿದವರು ಮತ್ತೊಂದು ಕೊಡ ನೀರು ಹೊರಬೇಕಾಗಿ ಬಂದಾಗ ಹಾಗೆ ನೋಡುತ್ತಾರೆ. ಕಿಟಕಿಯ ಗಾಜಿನ ಮೇಲಿನ ನನ್ನ ಹಣೆಯ ಗುರುತು ಅವರಿಗೆ ಎಲ್ಲವನ್ನೂ ಹೇಳಿತ್ತು, ತಮಾಷೆ ಅಲ್ಲವೆಂದು ಅವರಿಗೆ ತಿಳಿದಿತ್ತು. ಸೊಂಟ ಹಿಡಿದುಕೊಂಡು ಒಳಗೆ ಹೋದರು. ಅಡುಗೆಮನೆಯಲ್ಲಿ ಡಬ್ಬ ತೆಗೆದ ಸದ್ದು ಕೇಳಿತು. ಬೀಗದ ಕೈ ತರುತ್ತಾರೆ ಎಂದುಕೊಂಡೆ. ನಿಜವಾಗಿಯೂ ಹಾಗೆಂದುಕೊಂಡೆ.

ಅವರು ಮೊರ ಹಿಡಿದು ಬಂದರು. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲದ ಅಚ್ಚು, ವೀಳ್ಯದೆಲೆ, ಅರಿಶಿನದ ಕೊಂಬು. ಮೇಲೆ ಹಸಿರು ರವಿಕೆ ಕಣ.

"ಕೂತ್ಕೋ," ಎಂದರು. "ಸೆರಗು ಒಡ್ಡು."

ಸೆರಗು ಇರಲಿಲ್ಲ. ಚೂಡಿದಾರದ ವೇಲನ್ನು ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡು ದೇವರ ಮುಂದೆ ಕೂತೆ. ಅತ್ತಿಗೆ ಸೊಂಟಕ್ಕೆ ಒಂದು ಕೈ ಕೊಟ್ಟು ಬಗ್ಗಿದರು. ಅವರು ಹುಟ್ಟಿದಾಗಿನಿಂದ ನಂಬಿದ್ದನ್ನು, ಸ್ವಂತ ತಂಗಿಗಾಗಿಯೂ ಮುರಿಯದಿದ್ದದ್ದನ್ನು ನನಗಾಗಿ ಮುರಿಯುತ್ತಿದ್ದರು. ಒಂದು ಹಿಡಿ ಹಾಕಿದರು. ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು, ತಪ್ಪಾಯ್ತು ತಾಯಿ ಎಂದು ಕೇಳಿಸಿತು. ಅದು ನನಗೆ ಹೇಳಿದ್ದೋ ದೇವರಿಗೆ ಹೇಳಿದ್ದೋ ಇವತ್ತಿಗೂ ಗೊತ್ತಿಲ್ಲ. ಮತ್ತೊಂದು ಹಿಡಿ, ಇನ್ನೊಂದು ಹಿಡಿ. ಕಾಯಿ ಇಟ್ಟರು, ಬೆಲ್ಲ ಇಟ್ಟರು. ಪ್ರತಿಯೊಂದು ಇಟ್ಟ ಹಾಗೂ ಮಡಿಲು ಭಾರವಾಗುತ್ತಾ ಬಂತು, ನನಗೆ ಏಳಲು ಆಗುವುದಿಲ್ಲ ಅನಿಸಿತು. ಇಷ್ಟು ದಿನ ಯಾವ ಅಕ್ಕಿಗಾಗಿ ಒಳಗೊಳಗೇ ಕುದಿದಿದ್ದೆನೋ ಅದು ತೊಡೆಯ ಮೇಲೆ ಬೀಳುತ್ತಿತ್ತು, ಸಾಕು ನಿಲ್ಲಿಸಿ ಎಂದು ಕೂಗಬೇಕೆನಿಸುತ್ತಿತ್ತು. ಅತ್ತಿಗೆ ಕೊನೆಗೆ ಬೆರಳ ತುದಿಯಲ್ಲಿ ಕುಂಕುಮ ತೆಗೆದುಕೊಂಡು ನನ್ನ ಹಣೆಗೆ ಇಟ್ಟರು.

ಅಣ್ಣ ಗಳಗಳ ಅತ್ತುಬಿಟ್ಟ. ಭಾಷಣದಲ್ಲಿ ತಾನು ಹೇಳಿದ್ದನ್ನು ಹೆಂಡತಿ ಮಾಡಿ ತೋರಿಸಿದಳೆಂದು ಅವನಿಗೆ ಹೆಮ್ಮೆಯೋ ಹೆಮ್ಮೆ. ಫೋನು ತೆಗೆದು ಫೋಟೋ ಹೊಡೆದ. ಅವನಿಗೆ ನಿಜವಾಗಿಯೂ ಏನೂ ಗೊತ್ತಾಗಲಿಲ್ಲ. ಅತ್ತಿಗೆ ನನ್ನ ತೋಳು ಹಿಡಿದು ಎಬ್ಬಿಸಿದರು. ಸೊಂಟ ನೋವಿನವರು, ಆದರೂ ನನ್ನನ್ನು ಎತ್ತಿದರು. ಇನ್ನು ಹೊರಡು, ಲೇಟಾಗುತ್ತೆ ಎಂದರು. ನಾನು ಹೊಸಿಲು ದಾಟಿದೆ. ದಾಟದಿರಲು ಕಾರಣ ಉಳಿದಿರಲಿಲ್ಲ.

ಕಾರು ಹೈವೇಗೆ ಹತ್ತಿದ ಕೂಡಲೇ ಫೋನು ಸದ್ದು ಮಾಡತೊಡಗಿತು. ಅಣ್ಣ ಫೋಟೋವನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. ನಮ್ಮ ಮನೆಯಲ್ಲಿ ಭೇದಭಾವ ಇಲ್ಲ ಎಂದು ಕೆಳಗೆ ಬರೆದಿದ್ದ. ಕೈಮುಗಿದ ಚಿತ್ರಗಳು, ಹೂವುಗಳು, ಅತ್ತಿಗೆಗೆ ಹೊಗಳಿಕೆ, ಒಂದರ ಮೇಲೊಂದು ಬಂದವು. ಇಂಥ ನಾದಿನಿ ಅತ್ತಿಗೆಯರನ್ನು ಎಲ್ಲೂ ಕಾಣೆ ಎಂದು ಯಾರೋ ಬರೆದರು. ಚಿಕ್ಕಮ್ಮನ ಸೊಸೆಯೂ ಒಂದು ಹೂವು ಹಾಕಿದ್ದಳು. ವೇಲಿನ ಗಂಟನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದೆ. ಮಡಿಲಕ್ಕಿಯನ್ನು ದಾರಿಯಲ್ಲಿ ಇಳಿಸುವ ಹಾಗಿಲ್ಲ, ಗಂಡನ ಮನೆಯ ದೇವರ ಮುಂದೆಯೇ ಇಳಿಸಬೇಕು. ನನಗೆ ಗಂಡನ ಮನೆ ಎಂದರೆ ನ್ಯೂಜಿಲೆಂಡಿನ ಮನೆ, ಅಲ್ಲಿ ಈಗ ನಾನೊಬ್ಬಳೇ. ಎಲೆ, ಅರಿಶಿನದ ಕೊಂಬನ್ನಂತೂ ಹೊರಗಿನ ಸೊಪ್ಪು ಬೇರು ಒಳಗೆ ಬಿಡದ ಅಲ್ಲಿಯವರು ಏರ್‌ಪೋರ್ಟಿನಲ್ಲೇ ಕಸದ ಡಬ್ಬಿಗೆ ಹಾಕಿಸುತ್ತಾರೆ.

ದಾಬಸ್‌ಪೇಟೆ ದಾಟಿದ ಮೇಲೆ ಅಕ್ಕನ ಫೋನು ಬಂತು. ಅಂಗಡಿಯಲ್ಲಿ ಕಾಯಿ ಸುರಿಯುವ ಸದ್ದು ಹಿಂದೆ ಕೇಳುತ್ತಿತ್ತು.

"ಕೇಳಿದ್ಯಾ?" ಎಂದಳು.

ನಾನು ಏನು ಹೇಳಿದೆ, ಅತ್ತಿಗೆ ಏನು ಮಾಡಿದರು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗ್ರೂಪಿನಲ್ಲಿದ್ದ ಅಷ್ಟು ಜನರಲ್ಲಿ ಆ ಫೋಟೋ ಏನೆಂದು ಅರ್ಥವಾದದ್ದು ಅವಳೊಬ್ಬಳಿಗೇ.

"ಹಂಗಾದ್ರೆ ಕಳಿಸ್ಬಿಟ್ರು ಅನ್ನು."

ಹೌದು ಎನ್ನಲು ಬಾಯಿ ತೆರೆದೆ. ತಪ್ಪಾಯ್ತು ಎನ್ನುತ್ತಲೇ ಅಕ್ಕಿ ಹಾಕಿದ ಅತ್ತಿಗೆಯ ಕೈ ಕಣ್ಣ ಮುಂದೆ ಬಂತು. ಎಷ್ಟೆಂದರೂ ನನ್ನ ತವರು, ಅದರ ಬಗ್ಗೆ ಆ ಮಾತು ಇನ್ನೊಬ್ಬರ ಬಾಯಲ್ಲಿ ಕೇಳುವುದು ನನ್ನಿಂದಾಗಲಿಲ್ಲ.

"ಕಳಿಸ್ಕೊಟ್ರು ಕಣಕ್ಕಾ," ಎಂದೆ.